ಊರ ಪಟ್ಟಿ, ಪರದೇಶದ ಓದು

ಬಡ ಮನೆಯ ವಿದ್ಯಾರ್ಥಿಯನ್ನು ಪರದೇಶದ ಓದಿಗೆ ಕಳಿಸಲು ಹತ್ತು ಜನ ಕೂಡಿಸುವ ಹಣಕ್ಕೆ ಮೂರು ರೂಪಗಳಿವೆ. ಒಬ್ಬ ವಿದ್ಯಾರ್ಥಿಯ ಸಲುವಾಗಿ, ಒಂದೇ ಸಲಕ್ಕೆಂದು, ಮನೆ ಮನೆಗೆ ಹೋಗಿ ಎತ್ತುವುದು ಪಟ್ಟಿ. ವರ್ಷ ವರ್ಷವೂ ಕೂಡುತ್ತ ಹಲವರಿಗೆ ಸಲ್ಲುತ್ತ ಹೋಗುವುದು ನಿಧಿ. ಉಳ್ಳವರು ತಮ್ಮ ಆಸ್ತಿಯನ್ನು ಕಾಯಂ ಆಗಿ ಬಿಟ್ಟುಕೊಟ್ಟು, ಅದರ ಉತ್ಪನ್ನದಲ್ಲಿ ಮಾತ್ರ ಸಹಾಯ ನಡೆಯುವಂತೆ ಕಟ್ಟು ಹಾಕಿದರೆ ಅದು ದತ್ತಿ. ಪಟ್ಟಿಗೆ ಬೇಕಾದುದು ಉತ್ಸಾಹ, ನಿಧಿಗೆ ಬೇಕಾದುದು ಲೆಕ್ಕ, ದತ್ತಿಗೆ ಬೇಕಾದುದು ಕಾಗದಪತ್ರ. ಮೂರರ ಗುಣ ಬೇರೆ, ಮಿತಿಯೂ ಬೇರೆ.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ, ಅದರ ಸುತ್ತಲಿನ ಗೋಕಾಕ, ಮೂಡಲಗಿ ಸೀಮೆಯ ಹಳ್ಳಿಗಳಿಗೆ ಪಟ್ಟಿ ಎಂಬ ಮಾತು ಹೊಸದಲ್ಲ. ಜಾತ್ರೆಗೆ, ಗುಡಿಯ ಕಳಸಕ್ಕೆ, ಸಪ್ತಾಹದ ಅನ್ನಸಂತರ್ಪಣೆಗೆ ಪಟ್ಟಿ ಎತ್ತುವ ರೂಢಿ ಇಲ್ಲಿ ಗಟ್ಟಿಯಾಗಿದೆ. ಗಡಿಯ ಹಳ್ಳಿಗಳಲ್ಲಿ ಇದನ್ನೇ ವರ್ಗಣಿ ಎನ್ನುತ್ತಾರೆ. ಪಂಚರು ಕೂಡುತ್ತಾರೆ, ಮನೆಗಿಷ್ಟು ಎಂದು ಗೊತ್ತು ಮಾಡುತ್ತಾರೆ, ಪಾವತಿ ಹರಿದು ಕೊಡುತ್ತಾರೆ, ಜಾತ್ರೆ ಮುಗಿದ ಮೇಲೆ ಜಮಾ-ಖರ್ಚು ಓದುತ್ತಾರೆ. ಇದೇ ರೂಢಿ ಒಬ್ಬ ವಿದ್ಯಾರ್ಥಿಯನ್ನು ಸಮುದ್ರ ದಾಟಿಸಬಲ್ಲದೇ? ಒಂದು ನೂರು ವರ್ಷದ ಅನುಭವವೂ ಈಗಿನ ಲೆಕ್ಕಾಚಾರವೂ ಕೊಡುವ ಉತ್ತರ ಒಂದೇ: ಸಣ್ಣ ಹಣ ಪರದೇಶದ ಓದಿನ ಪೂರ್ತಿ ಭಾರ ಹೊರಲಾರದು. ಆದರೆ ದೊಡ್ಡ ಹಣ ಬರುವ ತನಕ ನಡುವೆ ಬೀಳುವ ಕಂದಕಗಳನ್ನು ಸಣ್ಣ ಹಣವೇ ತುಂಬಬಲ್ಲದು.

ಭಾರತದಲ್ಲಿ ಪರದೇಶದ ಓದಿಗೆಂದು ಎತ್ತಿದ ಪಟ್ಟಿಗಳಲ್ಲಿ ಹೆಸರಾದದ್ದು 1883ರದು. ಅಂಚೆ ಇಲಾಖೆಯ ಗುಮಾಸ್ತ ಗೋಪಾಳರಾವ್ ಜೋಶಿ ಅವರ ಹೆಂಡತಿ ಆನಂದಿಬಾಯಿ ವೈದ್ಯವಿದ್ಯೆ ಕಲಿಯಲು ಅಮೆರಿಕಕ್ಕೆ ಹೋಗಬಯಸಿದರು. ಆ ವರ್ಷದ ಫೆಬ್ರವರಿಯಲ್ಲಿ ಬಂಗಾಳದ ಸಿರಾಂಪುರ ಕಾಲೇಜಿನಲ್ಲಿ ತುಂಬಿದ ಸಭೆಯ ಮುಂದೆ ನಿಂತು, ತಾವು ಏಕೆ ಹೋಗುತ್ತಿದ್ದೇವೆ ಎಂಬುದನ್ನು ವಿವರಿಸಿದರು. ಮಾತು ಪತ್ರಿಕೆಗಳಲ್ಲಿ ಅಚ್ಚಾಯಿತು. ಅಂಚೆ ಇಲಾಖೆಯ ಹಿರಿಯ ಅಧಿಕಾರಿಯೇ ಚಂದಾ ಎತ್ತಲು ಮುಂದಾದರು. ಆನಂದಿಬಾಯಿ ತಮ್ಮ ಬಂಗಾರವನ್ನೂ ಮಾರಿ ಏಪ್ರಿಲ್‌ನಲ್ಲಿ ಹಡಗು ಹತ್ತಿದರು, 1886ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನ ಪದವಿ ಪಡೆದರು. ಮರಳಿ ಬಂದಾಗ ಅವರಿಗಾಗಿ ಕಾದಿದ್ದುದು ಕೊಲ್ಹಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹುದ್ದೆ. ಆ ಕೆಲಸಕ್ಕೆ ಸೇರುವ ಮೊದಲೇ, 1887ರ ಫೆಬ್ರವರಿಯಲ್ಲಿ, ಕ್ಷಯದಿಂದ ತೀರಿಕೊಂಡರು. ಅವರ ಕಥೆ ಪಟ್ಟಿಯ ಬಲವನ್ನೂ ತೋರಿಸುತ್ತದೆ, ದೌರ್ಬಲ್ಯವನ್ನೂ ತೋರಿಸುತ್ತದೆ. ಪಟ್ಟಿಯ ಹಣ ಒಬ್ಬರ ಹೆಸರಿಗೆ ಕಟ್ಟಿಬಿದ್ದಿರುತ್ತದೆ; ಆ ಒಬ್ಬರೊಂದಿಗೇ ಅದು ಮುಗಿದುಹೋಗುತ್ತದೆ, ಮುಂದಿನವರಿಗೆ ಏನೂ ಉಳಿಯುವುದಿಲ್ಲ.

ಅದೇ 1883ರಲ್ಲಿ ಧಾರವಾಡದಲ್ಲಿ ಎರಡನೆಯ ರೂಪ ಹುಟ್ಟಿತು. ಗಿಲಗಂಚಿ ಗುರುಸಿದ್ಧಪ್ಪ ಮತ್ತು ಅರಟಾಳ ರುದ್ರಗೌಡರು ಮುಂದಾಳಾಗಿ ಲಿಂಗಾಯತ ಸಮಾಜದ ಬಡ ವಿದ್ಯಾರ್ಥಿಗಳಿಗೆ ನೆರವಾಗುವ ನಿಧಿಯೊಂದನ್ನು ಕಟ್ಟಿದರು. ಮುಂದೆ ಬೆಳಗಾವಿಯ ಹೈಸ್ಕೂಲೊಂದಕ್ಕೆ ಈ ಇಬ್ಬರ ಹೆಸರೇ ಬಂತು. ಗಿಲಗಂಚಿ ಅರಟಾಳ ಹೈಸ್ಕೂಲ್ ಎಂದರೆ ಈಗಲೂ ಊರಿಗೆಲ್ಲ ಗೊತ್ತು. ಆ ಶಾಲೆಯಿಂದಲೇ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ, ಅಂದರೆ ಕೆ.ಎಲ್.ಇ. ಸಂಸ್ಥೆ, 1916ರ ನವೆಂಬರ್ 13ರಂದು ತನ್ನ ಕೆಲಸ ಆರಂಭಿಸಿತು. ಸಂಸ್ಥೆಯನ್ನು ಕಟ್ಟಿದ ಏಳು ಜನರನ್ನು ಸಪ್ತರ್ಷಿಗಳೆಂದು ಕರೆಯುವ ವಾಡಿಕೆ ಇದೆ. ಅವರಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆಯವರಂಥ ಶಿಕ್ಷಕರು ಸಂಬಳದ ಆಸೆ ಬಿಟ್ಟು ದುಡಿದರು, ದೇಣಿಗೆಗಾಗಿ ಊರೂರು ಅಲೆದರು.

ಇತ್ತ ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ತೆರೆದು, ವಿದ್ಯಾರ್ಥಿವೇತನದ ನಿಧಿಯನ್ನೂ ನಡೆಸಿತು. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಒಂದೊಂದು ಸಮಾಜಕ್ಕೂ ಒಂದೊಂದು ವಸತಿಗೃಹ ತೆರೆಯಿಸುತ್ತ ಹೋದರು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಗಡಿಯ ಕನ್ನಡ ಹಳ್ಳಿಗಳ ಹುಡುಗರಿಗೂ ಕೊಲ್ಹಾಪುರ ಓದಿನ ಊರಾಗಿತ್ತು. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ ಭಾವೂರಾವ್ ಪಾಟೀಲರು ಮನೆ ಮನೆಯಿಂದ ಹಿಡಿಕಾಳು ಕೂಡಿಸುವ ಮುಷ್ಟಿ ನಿಧಿಯಿಂದ ಬೋರ್ಡಿಂಗಿನ ಒಲೆ ಉರಿಸಿದರು. ಅವರ ಹೆಂಡತಿ ಲಕ್ಷ್ಮೀಬಾಯಿ ಹುಡುಗರ ಊಟಕ್ಕಾಗಿ ತಮ್ಮ ಬಂಗಾರವನ್ನೇ ಕಳೆದುಕೊಂಡರು.

ಈ ಎಲ್ಲ ನಿಧಿಗಳಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಯಾವುದೂ ಪರದೇಶದಿಂದ ಆರಂಭವಾಗಲಿಲ್ಲ. ಮೊದಲು ಅನ್ನ, ಆಮೇಲೆ ಇರಲು ಕೋಣೆ, ಆಮೇಲೆ ಹೈಸ್ಕೂಲಿನ ಫೀ, ಆಮೇಲೆ ಕಾಲೇಜು. ಪರದೇಶವೆಂಬುದು ಈ ಏಣಿಯ ಕೊನೆಯ ಮೆಟ್ಟಿಲು. ಕೆಳಗಿನ ಮೆಟ್ಟಿಲು ಇಲ್ಲದ ಊರಿನಲ್ಲಿ ಪರದೇಶದ ನಿಧಿ ಕಟ್ಟಿದರೆ, ಅದನ್ನು ಏರುವಷ್ಟು ಓದಿದವರೇ ಸಿಗುವುದಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ ಕಾಲದ ನಿಧಿಗಳು ಬಹುಮಟ್ಟಿಗೆ ಒಂದೊಂದು ಸಮಾಜದ ಒಳಗೇ ಹುಟ್ಟಿ, ಆ ಸಮಾಜದ ಮಕ್ಕಳಿಗೇ ಸಂದವು. ಕೂಡಿಸಲು ಶಕ್ತಿಯೇ ಇಲ್ಲದ ಸಮಾಜಗಳ ಮಕ್ಕಳು ಹೊರಗುಳಿದರು.

ಮೂರನೆಯ ರೂಪವಾದ ದತ್ತಿಗೆ ಬೆಳಗಾವಿ ಸೀಮೆಯ ದೊಡ್ಡ ಉದಾಹರಣೆ ಶಿರಸಂಗಿಯ ಲಿಂಗರಾಜ ದೇಸಾಯರು. 1861ರಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡ ಈ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಹೋದರು. 1933ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕಾಲೇಜು ಆರಂಭವಾದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟರು.

ಪರದೇಶದ ಓದಿಗೇ ಮೀಸಲಾದ ದತ್ತಿಯನ್ನು ಇವರಿಗಿಂತ ಮೊದಲೇ, 1892ರಲ್ಲಿ, ಜಮ್‌ಷೇಟ್‌ಜಿ ಟಾಟಾ ಮುಂಬೈಯಲ್ಲಿ ಸ್ಥಾಪಿಸಿದ್ದರು. ಅದರ ವಿಶೇಷ ಇದು: ಅಲ್ಲಿ ಕೊಡುವುದು ದಾನವಲ್ಲ, ಸಾಲದ ರೂಪದ ವಿದ್ಯಾರ್ಥಿವೇತನ. ಓದಿ ದುಡಿಯಲು ನಿಂತವನು ಹಣ ತಿರುಗಿಸುತ್ತಾನೆ. ಆ ಹಣ ಇನ್ನೊಬ್ಬನಿಗೆ ಹೋಗುತ್ತದೆ. ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನಲ್ಲಿ ಓದಿದ್ದು ಈ ದತ್ತಿಯ ನೆರವಿನಿಂದಲೇ. ಮುಂದೆ ರಾಷ್ಟ್ರಪತಿಯಾದ ಕೆ. ಆರ್. ನಾರಾಯಣನ್ ಕೂಡ ಇದೇ ನೆರವಿನಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಹೋದವರು.

ಒಂದೇ ಮೂಲದ ಹಣದಿಂದ ಪರದೇಶದ ಓದು ಮುಗಿಯುವುದು ಅಪರೂಪ ಎಂಬುದಕ್ಕೆ ಡಾ. ಬಿ. ಆರ್. ಅಂಬೇಡ್ಕರ್ ಅವರ ಓದಿಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 1913ರಲ್ಲಿ ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಮರಳಿದ ಮೇಲೆ ಹತ್ತು ವರ್ಷ ಬಡೋದೆ ಸಂಸ್ಥಾನದಲ್ಲಿ ಸೇವೆ ಮಾಡಬೇಕೆಂಬುದು ಕರಾರು. ವೇತನದ ಅವಧಿ ಮುಗಿದಾಗ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು 1917ರಲ್ಲಿ ಮರಳಬೇಕಾಯಿತು. ಬಡೋದೆಯಲ್ಲಿ ಕೆಲಸಕ್ಕೆ ಸೇರಿದರೆ ಅಸ್ಪೃಶ್ಯತೆಯ ಕಾರಣದಿಂದ ಇರಲು ಒಂದು ಕೋಣೆಯೂ ಸಿಗಲಿಲ್ಲ, ಕೆಲಸ ಬಿಟ್ಟರು.

1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟಾಗ ಅವರ ಕೈಯಲ್ಲಿದ್ದುದು ಮೂರು ಬಗೆಯ ಹಣ. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಸ್ವಂತ ಸಂಪಾದನೆ ಒಂದು. ಶಾಹೂ ಮಹಾರಾಜರು ಕೊಟ್ಟ 1,500 ರೂಪಾಯಿ ಇನ್ನೊಂದು. ಗೆಳೆಯ ನವಲ್ ಭಥೇನಾ ಅವರಿಂದ ಪಡೆದ 5,000 ರೂಪಾಯಿ ಸಾಲ ಮತ್ತೊಂದು. ಉಳಿತಾಯ, ದಾನ, ಸಾಲ ಈ ಮೂರೂ ಎಳೆ ಹೊಸೆದ ಹಗ್ಗ ಅದು. ಅಂಬೇಡ್ಕರ್ 1925ರಲ್ಲಿ ನಿಪ್ಪಾಣಿಯ ಪರಿಷತ್ತಿಗೆ ಬಂದಾಗ ಈ ಸೀಮೆಯ ಜನ ಕಂಡದ್ದು ಆ ಹಗ್ಗ ಹಿಡಿದು ಮೇಲೇರಿ ಬಂದ ವಿದ್ವಾಂಸನನ್ನು. ಬಡೋದೆಯ ಕರಾರಿನಲ್ಲಿ ಮಾತ್ರ ಒಂದು ಪಾಠ ಉಳಿದಿದೆ: ಮರಳಿ ಬಾ ಎಂದು ಷರತ್ತು ಹಾಕುವವರು, ಮರಳಿದವನಿಗೆ ಇರಲು ಗೌರವದ ನೆಲೆಯನ್ನೂ ಸಿದ್ಧಮಾಡಬೇಕು.

ಈಗಿನ ಲೆಕ್ಕಕ್ಕೆ ಬಂದರೆ, ಸಣ್ಣ ಹಣದ ಅಳತೆ ತಿಳಿಯುತ್ತದೆ. ಒಂದು ಊರಿನಲ್ಲಿ 500 ಮನೆಗಳು ತಿಂಗಳಿಗೆ 50 ರೂಪಾಯಿ ಕೊಡುತ್ತವೆ ಎಂದು ಹಿಡಿಯೋಣ. ತಿಂಗಳಿಗೆ 25 ಸಾವಿರ, ವರ್ಷಕ್ಕೆ 3 ಲಕ್ಷ ರೂಪಾಯಿ ಕೂಡುತ್ತದೆ. ಅತ್ತ ಜರ್ಮನಿಯನ್ನು ನೋಡಬೇಕು. ಅಲ್ಲಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೂ ವೀಸಾ ಸಿಗಬೇಕಾದರೆ ಒಂದು ವರ್ಷದ ಜೀವನವೆಚ್ಚವನ್ನು ಮೊದಲೇ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ಯೂರೋ ಒಂದಕ್ಕೆ 100 ರೂಪಾಯಿ ಹಿಡಿದರೆ ಸುಮಾರು 12 ಲಕ್ಷ. ಇದನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. ಅಲ್ಲಿಂದ ತಿಂಗಳಿಗೆ 992 ಯೂರೋ ಮಾತ್ರ ವಿದ್ಯಾರ್ಥಿಯ ಕೈಗೆ ಬರುತ್ತದೆ. ಅಂದರೆ ಫೀ ಇಲ್ಲದ ದೇಶಕ್ಕೂ ಒಂದು ವರ್ಷದ ಮಟ್ಟಿಗೆ ಒಬ್ಬನನ್ನು ಕಳಿಸಲು 500 ಮನೆಗಳು ನಾಲ್ಕು ವರ್ಷ ಕೊಡಬೇಕು. ಫೀ ಇರುವ ಬ್ರಿಟನ್, ಅಮೆರಿಕಗಳ ಲೆಕ್ಕ ಇದರ ಹಲವು ಪಟ್ಟು.

ದೊಡ್ಡ ಹಣ ಬೇರೆ ಕಡೆಯಿಂದ ಬರಬೇಕು, ಬರುವ ದಾರಿಗಳೂ ಇವೆ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಷಿಪ್ 1954-55ರಿಂದ ನಡೆದುಬಂದಿದೆ. ಸಾಮಾಜಿಕ ನ್ಯಾಯ ಸಚಿವಾಲಯದ ಈ ಯೋಜನೆಯಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳ ಜೊತೆಗೆ ಭೂರಹಿತ ಕೃಷಿಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳೂ ಅರ್ಜಿ ಹಾಕಬಹುದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು. ಪರಿಶಿಷ್ಟ ಪಂಗಡದವರಿಗೆ ಬೇರೆ ಸಚಿವಾಲಯದ 20 ಸ್ಥಾನಗಳಿವೆ. ಕರ್ನಾಟಕ ಸರ್ಕಾರ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಿಗಾಗಿ ಪ್ರಬುದ್ಧ ಯೋಜನೆಯನ್ನು ನಡೆಸುತ್ತದೆ. ಅಲ್ಪಸಂಖ್ಯಾತರಿಗೆ, ಹಿಂದುಳಿದ ವರ್ಗಗಳಿಗೆ ಆಯಾ ಇಲಾಖೆ, ನಿಗಮಗಳ ನೆರವಿದೆ. ಬ್ರಿಟನ್ನಿನ ಚೀವ್ನಿಂಗ್, ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳಿವೆ. ರೋಟರಿ ಫೌಂಡೇಶನ್ನಿನ ಜಾಗತಿಕ ಅನುದಾನದ ವಿದ್ಯಾರ್ಥಿವೇತನ 30 ಸಾವಿರ ಡಾಲರಿನಿಂದ ಆರಂಭವಾಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಜನ ಹಿಡಿಯುವ ದಾರಿ ಬ್ಯಾಂಕಿನ ಶೈಕ್ಷಣಿಕ ಸಾಲ.

ಹಾಗಾದರೆ ಊರಿನ ಹಣಕ್ಕೆ ಉಳಿದ ಕೆಲಸ ಯಾವುದು? ಈ ದೊಡ್ಡ ಹಣ ಮುಟ್ಟದ, ಮುಟ್ಟಿದರೂ ತಡವಾಗಿ ಮುಟ್ಟುವ ಖರ್ಚುಗಳಿವೆ. ಪಾಸ್‌ಪೋರ್ಟಿನ ಸಾಮಾನ್ಯ ಶುಲ್ಕ 1,500 ರೂಪಾಯಿ. ಇಂಗ್ಲಿಷ್ ಜ್ಞಾನದ ಐಇಎಲ್‌ಟಿಎಸ್ ಪರೀಕ್ಷೆಗೆ ಒಂದು ಸಲಕ್ಕೆ 17-18 ಸಾವಿರ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದಲೋ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದಲೋ ಅಂಕಪಟ್ಟಿಗಳ ದೃಢೀಕೃತ ಪ್ರತಿ ತರಿಸಬೇಕು. ಹಲವು ವಿಶ್ವವಿದ್ಯಾಲಯಗಳು ಅರ್ಜಿಗೂ ಶುಲ್ಕ ಕೇಳುತ್ತವೆ. ಅಮೆರಿಕದ ವೀಸಾಕ್ಕೆ 185 ಡಾಲರ್, ಅದರ ಮೇಲೆ ವಿದ್ಯಾರ್ಥಿಗಳ ನೋಂದಣಿ ವ್ಯವಸ್ಥೆಗೆಂದು 350 ಡಾಲರ್. ಬ್ರಿಟನ್ನಿಗೆ ಹೋಗುವ ವಿದ್ಯಾರ್ಥಿ ಅಲ್ಲಿಯ ಆರೋಗ್ಯ ಸೇವೆಗಾಗಿ 2024ರಿಂದ ವರ್ಷಕ್ಕೆ 776 ಪೌಂಡನ್ನು ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ವಿಮಾನದ ಟಿಕೆಟು, ಚಳಿಗೆ ಬಟ್ಟೆ, ಮೊದಲ ತಿಂಗಳ ಬಾಡಿಗೆ, ಮುಂಗಡ ಇವೆಲ್ಲ ಬೇರೆ.

ಈ ಖರ್ಚುಗಳ ಸ್ವಭಾವವೇ ಬಡವರಿಗೆ ಕಷ್ಟದ್ದು. ಒಂದೊಂದೂ ಸಣ್ಣದು, ಆದರೆ ಒಂದೊಂದೂ ರೊಕ್ಕದಲ್ಲೇ, ಗಡುವಿನ ಒಳಗೇ ಆಗಬೇಕು. ಪ್ರವೇಶ ಸಿಕ್ಕೀತೋ ಇಲ್ಲವೋ ಗೊತ್ತಾಗುವ ಮೊದಲೇ ಇವುಗಳಲ್ಲಿ ಅರ್ಧದಷ್ಟು ಮುಗಿದಿರುತ್ತವೆ. ಪ್ರವೇಶಪತ್ರ ಇಲ್ಲದೆ ಬ್ಯಾಂಕು ಸಾಲದ ಮಾತೇ ಆಡುವುದಿಲ್ಲ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ 4 ಲಕ್ಷ ಮೀರಿದ ವಿದೇಶ ವ್ಯಾಸಂಗದ ಸಾಲದಲ್ಲಿ ಶೇಕಡಾ 15ರಷ್ಟನ್ನು ಕುಟುಂಬ ತನ್ನ ಪಾಲಾಗಿ ತರಬೇಕು. 20 ಲಕ್ಷದ ವೆಚ್ಚಕ್ಕೆ 3 ಲಕ್ಷ. ಎರಡು ಎಕರೆ ಹೊಲದವನಿಗೆ ಆ 3 ಲಕ್ಷವೇ ಗೋಡೆ. ಮಂಜೂರಾದ ಸರ್ಕಾರಿ ವೇತನ ಕೂಡ ಹಲವು ಸಲ ವಿದ್ಯಾರ್ಥಿ ಅಲ್ಲಿ ಸೇರಿದ ದಾಖಲೆ ಬಂದ ಮೇಲೆ ಬಿಡುಗಡೆಯಾಗುತ್ತದೆ. ಊರ ನಿಧಿ ನಿಲ್ಲಬೇಕಾದದ್ದು ಈ ಸಂದುಗಳಲ್ಲಿ. 500 ಮನೆಗಳ 3 ಲಕ್ಷ ಒಬ್ಬನ ಓದಿಗೆ ಏನೂ ಅಲ್ಲ. ಅದೇ 3 ಲಕ್ಷ ಮೂರು ಜನರ ಅರ್ಜಿ, ಪರೀಕ್ಷೆ, ವೀಸಾ, ಟಿಕೆಟಿಗೆ ಆದೀತು.

ಹಣ ಕೂಡಿಸುವ ವೇಳೆಯೂ ಮುಖ್ಯ. ಘಟಪ್ರಭಾ ದಂಡೆಯ ಊರುಗಳಲ್ಲಿ ರೊಕ್ಕ ಓಡಾಡುವುದು ಕಬ್ಬಿನ ಬಿಲ್ಲಿನ ಮೇಲೆ. ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳು ಹೊಗೆಯಾಡತೊಡಗಿ ಬೇಸಿಗೆಯ ಬಾಯಿಗೆ ಹಂಗಾಮು ಮುಗಿಯುತ್ತದೆ. ಬಿಲ್ಲು ಕೈಸೇರಿದಾಗ ಟನ್ನಿಗೆ 5 ರೂಪಾಯಿಯಂತೆ ಬಿಡುವ ಪದ್ಧತಿ ಇಟ್ಟುಕೊಂಡರೆ, ಮೂರು ಎಕರೆಯಲ್ಲಿ 120 ಟನ್ ಬೆಳೆದವನ ಪಾಲು 600 ರೂಪಾಯಿ. ಒಮ್ಮೆ ಕೊಟ್ಟರೆ ವರ್ಷದ ಮಾತು ಮುಗಿಯಿತು, ತಿಂಗಳು ತಿಂಗಳು ಬಾಗಿಲು ತಟ್ಟಬೇಕಿಲ್ಲ. ಯುರೋಪ್, ಅಮೆರಿಕಗಳ ಮುಖ್ಯ ಪ್ರವೇಶ ಆಗಸ್ಟ್-ಸೆಪ್ಟೆಂಬರಿನಲ್ಲಿ. ಅದರ ಮುಂಗಡ, ವೀಸಾ, ಟಿಕೆಟಿನ ಖರ್ಚು ಏಪ್ರಿಲ್‌ನಿಂದ ಜುಲೈ ತನಕ. ಬಿಲ್ಲಿನ ಹಣಕ್ಕೂ ಇದಕ್ಕೂ ತಾಳೆಯಾಗುತ್ತದೆ. ಆದರೆ ಪರೀಕ್ಷೆ, ಅರ್ಜಿಗಳ ಖರ್ಚು ಬರುವುದು ಅದಕ್ಕೂ ಹಿಂದಿನ ಸೆಪ್ಟೆಂಬರಿನಿಂದ ಜನವರಿಯ ತನಕ, ರೈತನ ಕೈ ಬರಿದಾಗಿರುವಾಗ. ಆದ್ದರಿಂದ ಕೂಡಿದ್ದನ್ನೆಲ್ಲ ಆ ವರ್ಷವೇ ಹಂಚದೆ, ಮೂರನೆಯ ಒಂದು ಪಾಲನ್ನಾದರೂ ಮುಂದಿನ ಹಂಗಾಮಿಗೆ ಕಾಯ್ದಿರಿಸುವುದು ಒಳ್ಳೆಯದು.

ಹಣ ಕೈಯಿಂದ ಕೈಗೆ ಹೋಗುವುದನ್ನು ಬಿಟ್ಟು ಖಾತೆಗೆ ಹೋಗಬೇಕಾದರೆ ಸಂಸ್ಥೆಗೆ ಕಾನೂನಿನ ರೂಪ ಬೇಕು. ಇದಕ್ಕೆ ಎರಡು ದಾರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟಿನ ಪತ್ರ ನೋಂದಾಯಿಸುವುದು ಒಂದು. ಕನಿಷ್ಠ ಏಳು ಜನ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ ಮಾಡುವುದು ಇನ್ನೊಂದು. ಟ್ರಸ್ಟಿನಲ್ಲಿ ಅಧಿಕಾರ ಕೆಲವೇ ಟ್ರಸ್ಟಿಗಳ ಕೈಯಲ್ಲಿ ನಿಲ್ಲುತ್ತದೆ; ಸಂಘದಲ್ಲಿ ಸದಸ್ಯರು ವರ್ಷಕ್ಕೊಮ್ಮೆ ಸಭೆ ಸೇರಿ ಲೆಕ್ಕ ಕೇಳಬಹುದು. ನೂರಾರು ಮನೆಗಳಿಂದ ಸಣ್ಣ ಸಣ್ಣ ಮೊತ್ತ ಕೂಡಿಸುವ ಊರಿಗೆ ಸಂಘವೇ ಹೆಚ್ಚು ಒಪ್ಪುತ್ತದೆ.

ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಣಿ ಮಾಡಿಸಿ, 80ಜಿ ಎಂದು ಹೆಸರಾದ ಮಾನ್ಯತೆ ಪಡೆದರೆ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ದಾನಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಈ ಅನುಕೂಲವಿಲ್ಲ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲದ್ದರಿಂದ ಬರೀ ಕಬ್ಬು ಬೆಳೆಯುವ ರೈತನಿಗೆ ಈ ರಿಯಾಯಿತಿಯಿಂದ ಏನೂ ಬರುವುದಿಲ್ಲ. ಆಸಕ್ತಿ ತೋರುವವರು ಊರಿನಿಂದ ಹೊರಗೆ ಹೋಗಿ ಸಂಬಳದ ಕೆಲಸದಲ್ಲಿರುವವರು, ವ್ಯಾಪಾರಸ್ಥರು. ಇನ್ನೊಂದು ತೊಡಕು ಪರದೇಶದ ಓದಿಗೇ ಸೇರಿದ್ದು. ಧರ್ಮಾರ್ಥ ಸಂಸ್ಥೆ ತನ್ನ ಆದಾಯವನ್ನು ಭಾರತದ ಹೊರಗೆ ಖರ್ಚು ಮಾಡಿದರೆ, ವಿಶೇಷ ಅನುಮತಿ ಇಲ್ಲದಿದ್ದರೆ, ಆ ಖರ್ಚಿಗೆ ತೆರಿಗೆ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಪರೀಕ್ಷೆ, ಪ್ರಯಾಣ, ಬ್ಯಾಂಕ್ ಸಾಲದ ಕುಟುಂಬದ ಪಾಲು ಮುಂತಾದುವನ್ನು ಇಲ್ಲಿಯೇ ವಿದ್ಯಾರ್ಥಿಯ ಖಾತೆಗೆ ರೂಪಾಯಿಯಲ್ಲಿ ಕೊಡುವುದು ಸರಳ. ಏನೇ ಆಗಲಿ, ಮೊದಲ ದಿನವೇ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಅಗತ್ಯ.

ಪರದೇಶದಲ್ಲಿ ನೆಲೆಸಿದ ಊರಿನ ಮಕ್ಕಳು ಹಣ ಕಳಿಸಲು ಮುಂದಾಗುವುದುಂಟು. ಇಲ್ಲಿ ಪೌರತ್ವ ನೋಡಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪೌರತ್ವ ಪಡೆದವರ ಹಣ ಮಾತ್ರ, ಅವರ ಮೂಲ ಘೋಡಗೇರಿಯೇ ಆಗಿದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಅಡಿ ಸಂಸ್ಥೆಗೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಶಾಖೆಯ ಗೊತ್ತುಪಡಿಸಿದ ಖಾತೆಗೇ ಬರಬೇಕು. ಸಣ್ಣ ಸಂಘಕ್ಕೆ ಈ ಭಾರ ಹೊರುವುದು ಕಷ್ಟ. ಅಂಥವರಿಂದ ಹಣಕ್ಕಿಂತ ಹೆಚ್ಚು ಉಪಯೋಗದ ನೆರವು ಬೇರೆ ಇದೆ: ಅರ್ಜಿಯ ಪ್ರಬಂಧ ತಿದ್ದಿಕೊಡುವುದು, ಬಾಡಿಗೆಯ ಕೋಣೆ ಹುಡುಕುವುದು, ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ಯುವುದು. ಇದಕ್ಕೆ ಯಾವ ಅನುಮತಿಯೂ ಬೇಕಿಲ್ಲ.

ಯಾರಿಗೆ ಕೊಡಬೇಕೆಂಬುದು ಊರಿನ ನಿಧಿಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮ. ಕೊಡುವವರೂ ಪಡೆಯುವವರೂ ಒಬ್ಬರಿಗೊಬ್ಬರು ಗೊತ್ತಿರುವವರೇ. ಪಂಚರ ಸಂಬಂಧಿಕರಿಗೆ ಸಿಕ್ಕಿತೆಂಬ ಒಂದು ಮಾತು ಹುಟ್ಟಿದರೆ ಮರುವರ್ಷ ಪಟ್ಟಿ ಏಳುವುದಿಲ್ಲ. ಆದ್ದರಿಂದ ಅರ್ಜಿ ಕರೆಯುವ ಮೊದಲೇ ನಿಯಮ ಬರೆದು ಪಂಚಾಯಿತಿಯ ಫಲಕದಲ್ಲಿ ಹಚ್ಚಬೇಕು. ಕುಟುಂಬದ ಆದಾಯಕ್ಕೆ ತಹಶೀಲ್ದಾರರ ಪ್ರಮಾಣಪತ್ರ, ಓದಿಗೆ ಅಂಕಪಟ್ಟಿ, ಹೋಗುವ ಕೋರ್ಸಿಗೆ ವಿಶ್ವವಿದ್ಯಾಲಯದ ಪತ್ರ ಇವು ಕಣ್ಣಿಗೆ ಕಾಣುವ ಆಧಾರಗಳು. ಆಯ್ಕೆಯ ಸಮಿತಿಯಲ್ಲಿ ಊರಿನ ಹೊರಗಿನ ಶಿಕ್ಷಕರೊಬ್ಬರಾದರೂ ಇರಬೇಕು. ಅರ್ಜಿದಾರರ ಸಂಬಂಧಿಕರು ಆ ದಿನ ಎದ್ದು ಹೊರಗೆ ಹೋಗಬೇಕು. ಹಿಂದಿನ ಕಾಲದ ನಿಧಿಗಳು ಸಮಾಜಕ್ಕೊಂದರಂತೆ ಇದ್ದವು. ಇಡೀ ಊರಿನಿಂದ ಎತ್ತಿದ ಹಣಕ್ಕೆ ಹಾಗೆ ಗೆರೆ ಎಳೆಯುವ ಅಧಿಕಾರವಿಲ್ಲ. ಹೆಣ್ಣುಮಕ್ಕಳ ಅರ್ಜಿಯೇ ಬರದಿದ್ದರೆ ಕಾರಣ ಹುಡುಕಬೇಕು. ಬಹಳ ಸಲ ಅಡ್ಡಿ ಫೀ ಆಗಿರುವುದಿಲ್ಲ, ಪರೀಕ್ಷೆಗೆಂದು ಬೇರೆ ಊರಿಗೆ ಜೊತೆಯಲ್ಲಿ ಹೋಗಿಬರುವವರು ಇಲ್ಲದಿರುವುದೇ ಆಗಿರುತ್ತದೆ.

ದಾನವಾಗಿ ಕೊಡಬೇಕೋ ಸಾಲವಾಗಿ ಕೊಡಬೇಕೋ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಹೇಳುತ್ತದೆ. 6 ಲಕ್ಷದ ನಿಧಿಯಿಂದ ತಲಾ 2 ಲಕ್ಷ ದಾನ ಕೊಟ್ಟರೆ ಮೂರು ಜನಕ್ಕೆ ನಿಧಿ ಬರಿದು. ಅದನ್ನೇ ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ಓದು ಮುಗಿದು ಹಣ ತಿರುಗಲು ನಾಲ್ಕು ವರ್ಷ ಹಿಡಿಯುತ್ತದೆ ಎಂದು ಎಣಿಸಿದರೆ, ಹನ್ನೆರಡು ವರ್ಷದಲ್ಲಿ ಅದೇ 6 ಲಕ್ಷ ಒಂಬತ್ತು ಜನಕ್ಕೆ ಸಲ್ಲುತ್ತದೆ. ಆದರೆ ಎಲ್ಲವನ್ನೂ ಸಾಲ ಮಾಡಬಾರದು. ಪರೀಕ್ಷೆ, ಅರ್ಜಿಗಳ ಖರ್ಚು ಫಲ ಗೊತ್ತಿಲ್ಲದ ಖರ್ಚು. ಪ್ರವೇಶ ಸಿಗದ ಹುಡುಗಿಯ ತಲೆಯ ಮೇಲೆ ಸಾಲ ಕೂರಿಸಿದರೆ ಮುಂದಿನವಳು ಅರ್ಜಿಯನ್ನೇ ಹಾಕುವುದಿಲ್ಲ. ಪ್ರವೇಶ ಸಿಗುವ ತನಕದ ಖರ್ಚು ದಾನ, ಸಿಕ್ಕ ಮೇಲಿನದು ಸಾಲ ಎಂದು ಎರಡು ಭಾಗ ಮಾಡುವುದು ನ್ಯಾಯ. ವೀಸಾ ತಿರಸ್ಕೃತವಾದರೆ, ವಿದ್ಯಾರ್ಥಿ ಕಾಯಿಲೆ ಬಿದ್ದರೆ, ಓದು ನಡುವೆ ನಿಂತರೆ ಏನು ಎಂಬುದೂ ಮೊದಲೇ ಬರಹದಲ್ಲಿರಬೇಕು.

ಈ ದಾರಿಯ ಅಪಾಯಗಳೂ ಗೊತ್ತಿರುವಂಥವೇ. ಹೆಸರೇ ಕೇಳದ ಕಾಲೇಜಿಗೆ ಸೀಟು ಕೊಡಿಸುವ ದಲ್ಲಾಳಿ ಮುಂಗಡ ಹಿಡಿದು ಮಾಯವಾಗುವುದುಂಟು. ಫೀ ಯಾವಾಗಲೂ ವಿಶ್ವವಿದ್ಯಾಲಯದ ಖಾತೆಗೇ ಹೋಗಬೇಕು, ನಡುವಿನವರ ಖಾತೆಗಲ್ಲ. ಬ್ರಿಟನ್ನಿನ ವೀಸಾಕ್ಕೆ ಜೀವನವೆಚ್ಚದ ಹಣ ಖಾತೆಯಲ್ಲಿ ಸತತ 28 ದಿನ ಇದ್ದುದನ್ನು ತೋರಿಸಬೇಕು. ಆ ನಾಲ್ಕು ವಾರಕ್ಕೆಂದು ಬಡ್ಡಿ ವ್ಯವಹಾರದವರಿಂದ ಹಣ ತಂದು ತೋರಿಸಿ ಹಿಂದಿರುಗಿಸುವವರಿದ್ದಾರೆ. ಅದು ನಿಯಮಕ್ಕೆ ಮಾಡುವ ಮೋಸವಷ್ಟೇ ಅಲ್ಲ. ಹೋದ ಮೇಲೆ ವಿದ್ಯಾರ್ಥಿ ಉಪವಾಸ ಬೀಳುವ ದಾರಿ. ಇಂಟರ್ನೆಟ್ಟಿನಲ್ಲಿ ಚಂದಾ ಎತ್ತುವ ವೇದಿಕೆಗಳಿವೆ. ಬೆಂಗಳೂರಿನಲ್ಲಿ 2010ರಲ್ಲಿ ಆರಂಭವಾದ ಮಿಲಾಪ್ ಅಂಥದೊಂದು. ಗುರುತಿಲ್ಲದವರ ಮುಂದೆ ತನ್ನ ಬಡತನವನ್ನು ಚಿತ್ರಸಮೇತ ಇಡಬೇಕಾದ ಸಂಕೋಚ ಅಲ್ಲಿ ವಿದ್ಯಾರ್ಥಿಯದು. ಊರ ನಿಧಿಯಲ್ಲೂ ಸಹಾಯ ಪಡೆದವರನ್ನು ವೇದಿಕೆ ಹತ್ತಿಸಿ ಫೋಟೋ ತೆಗೆಸುವ ಚಟ ಬೇಡ. ಹೆಸರು ಲೆಕ್ಕದ ಪುಸ್ತಕದಲ್ಲಿದ್ದರೆ ಸಾಕು.

ಹೋದವರು ಮರಳುತ್ತಾರೆಯೇ ಎಂಬ ಸಂಶಯ ಕೊಡುವವರ ಮನಸ್ಸಿನಲ್ಲಿ ಸದಾ ಇರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಉತ್ತರ ಹೇಳುವ ಬದುಕುಗಳಿವೆ. ಡಾ. ನಾ. ಸು. ಹರ್ಡೀಕರ್ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿ, 1921ರಲ್ಲಿ ಮರಳಿ, 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮುಂದೆ ಘಟಪ್ರಭೆಯಲ್ಲಿ ನೆಲೆಸಿ ಅಲ್ಲಿಯ ಕರ್ನಾಟಕ ಆರೋಗ್ಯಧಾಮದ ಸೇವೆಯಲ್ಲಿ ಬಾಳಿದರು. ಡಾ. ಶಿ. ಚೆ. ನಂದೀಮಠ ಲಂಡನ್ನಿನಲ್ಲಿ ಪಿಎಚ್.ಡಿ. ಮುಗಿಸಿ ಬಂದು ಈ ಭಾಗದ ಕಾಲೇಜುಗಳನ್ನು ಬೆಳೆಸಿದರು.

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ದಾದಪ್ಪ ಚಿಂತಪ್ಪ ಪಾವಟೆ, ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಮರಳಿ ಬಂದು ಮುಂಬೈ ಪ್ರಾಂತ್ಯದ ಶಿಕ್ಷಣ ನಿರ್ದೇಶಕರಾದರು, 1954ರಿಂದ 1967ರ ತನಕ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಅದನ್ನು ಕಟ್ಟಿದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅವರ ಹೆಸರಿನ ಪ್ರತಿಷ್ಠಾನ ಈಗ ಧಾರವಾಡದ ಕಡೆಯ ವಿದ್ಯಾರ್ಥಿಗಳನ್ನು ಫೆಲೋಶಿಪ್ ಕೊಟ್ಟು ಕೇಂಬ್ರಿಜ್‌ಗೆ ಕಳಿಸುತ್ತದೆ. ಗೋಕಾಕ ಸೀಮೆಯ ಒಂದು ಹಳ್ಳಿಯಿಂದ ಒಬ್ಬರು ಹೋಗಿಬಂದ ದಾರಿ, ಅವರ ಹೆಸರಿನ ದತ್ತಿಯಾಗಿ, ಬೇರೆಯವರಿಗೆ ತೆರೆದುಕೊಂಡಿತು.

ಮರಳುವುದೆಂದರೆ ಮೈಯಿಂದ ಮರಳುವುದು ಮಾತ್ರವಲ್ಲ. ಸಾಲದ ಕಂತು ತಪ್ಪದೆ ತಿರುಗುವುದು ಒಂದು ಬಗೆಯ ಮರಳುವಿಕೆ, ಮುಂದಿನ ವರ್ಷದವರ ಅರ್ಜಿ ತಿದ್ದುವುದು ಇನ್ನೊಂದು. ಕರಾರಿನಲ್ಲಿ ಈ ಎರಡನ್ನು ಕೇಳಬಹುದು; ಬದುಕೆಲ್ಲ ಊರಿನಲ್ಲೇ ಇರಬೇಕೆಂದು ಕೇಳಲಾಗದು. ಕೊಟ್ಟವರಿಗೆ ಸಲ್ಲಬೇಕಾದದ್ದು ಲೆಕ್ಕ. ವರ್ಷಕ್ಕೊಮ್ಮೆ, ಜಾತ್ರೆಯ ಜಮಾ-ಖರ್ಚು ಓದುವ ಅದೇ ಕಟ್ಟೆಯ ಮೇಲೆ, ಕೂಡಿದ್ದೆಷ್ಟು, ಹೋದದ್ದೆಷ್ಟು, ತಿರುಗಿದ್ದೆಷ್ಟು, ಉಳಿದದ್ದೆಷ್ಟು ಎಂದು ನಾಲ್ಕು ಅಂಕಿ ಓದಬೇಕು. ತಿರುಗಿದ್ದೆಷ್ಟು ಎಂಬ ಅಂಕಿ ಮೊದಲ ಸಲ ಸೊನ್ನೆ ಬಿಟ್ಟು ಬೇರೆಯಾದ ವರ್ಷ, ಊರ ಪಟ್ಟಿ ನಿಧಿಯಾಯಿತೆಂದು ತಿಳಿಯಬೇಕು.